ನನ್ನ ಜಾಗಕ್ಕೆ ಬಂದ ಕಪ್ಪು ಪೆಟ್ಟಿಗೆಯವರಿಗೆ

ಕಾರ್ಕಾರ್, ಸೆಬು ದ್ವೀಪ
ಊರಹಬ್ಬ ಮುಗಿದ ಮೂರನೆಯ ದಿನ

ಮಾನ್ಯ ಪೆಟ್ಟಿಗೆಯವರೇ,

‘ಉಕ್ಕಿನ ಏಡಿ’ ರಾಕ್ ಬ್ಯಾಂಡಿನ ಮಾಜಿ ಬಾಸ್ ಗಿಟಾರ್ ವಾದಕನಾದ ಟಿಯೊಫಿಲೊ ಕಾಬಾಹುಗ್ ಎಂಬ ನಾನು, ಸದರಿ ಬ್ಯಾಂಡಿನ ಹಾಲಿ ಬಾಸ್ ವಾದಕರಾದ ತಮ್ಮ ನಾಲ್ಕೂ ರಬ್ಬರ್ ಪಾದಗಳಿಗೆ ವಂದಿಸಿ, ತಾವು ಬ್ಯಾಟರಿ ಸಮೇತ ಕ್ಷೇಮವಾಗಿರುವಿರೆಂದು ನಂಬಿ ಮಾಡಿಕೊಳ್ಳುವ ಬಿನ್ನಹ. ಇದರ ಒಂದು ಪ್ರತಿಯನ್ನು ಬಾಸ್ಕೆಟ್‌ಬಾಲ್ ಅಂಗಳದ ಗೋಡೆಗೂ ಅಂಟಿಸುತ್ತಿದ್ದೇನೆ. ತಮಗೆ ಓದು ಬರಹ ಬರುವುದೋ ಇಲ್ಲವೋ ತಿಳಿಯದು, ಊರಿನವರಿಗೆ ಬರುತ್ತದೆ.

ನಮ್ಮ ಗಿಟಾರ್ ವಾದಕನೂ ಬ್ಯಾಂಡಿನ ಯಜಮಾನನೂ ಆದ ಎಲ್ಪಿಡಿಯೊ ತಮ್ಮನ್ನು ನಗರದ ಅಂಗಡಿಯಿಂದ ಹಸುಗೂಸಿನಂತೆ ಮಡಿಲಲ್ಲಿಟ್ಟುಕೊಂಡು ತಂದ ದಿನ ನನ್ನನ್ನು ಪಕ್ಕಕ್ಕೆ ಕರೆದು, “ಇದು ನನ್ನ ಗಿಟಾರನ್ನೇ ಕೇಳಿಸ್ಕೊಂಡು ಕೆಳಗಿನ ಸ್ಥಾಯೀಲಿ ಬಾಸ್ ಹೊರಡಿಸುತ್ತೆ ಕಣೋ. ಊಟ ಕೇಳಲ್ಲ, ಜೀಪಲ್ಲಿ ಜಾಗ ಕೇಳಲ್ಲ, ಓಡ್ಬೇಡ ನಿಧಾನಕ್ಕೆ ನುಡಿಸು ಅಂತ ನಂಗೆ ಬುದ್ಧಿ ಹೇಳಲ್ಲ. ತಪ್ಪು ತಿಳ್ಕೋಬೇಡ, ಬಾಸು ಯಾರಿಗೆ ತಾನೆ ಕೇಳ್ಸುತ್ತೆ?” ಎಂದ. ನಾನು ತಪ್ಪು ತಿಳಿದುಕೊಳ್ಳಲಿಲ್ಲ, ಸರಿಯಾಗಿಯೇ ತಿಳಿದುಕೊಂಡು ಮನೆಗೆ ಹೋದೆ.

ಅವನ ಮಾತಿನಲ್ಲಿ ಸುಳ್ಳೂ ಇರಲಿಲ್ಲ. ಹಬ್ಬದ ಬ್ಯಾನರಿನಲ್ಲಿ ನನ್ನ ಮುಖವಿರುವ ಜಾಗಕ್ಕೇ ಪ್ರತಿ ವರ್ಷ ಊರ ಮುಖ್ಯಸ್ಥರ ನಗುಮುಖ ಬಂದು ಕೂರುತ್ತಿತ್ತು. ಬ್ಯಾನರ್ ಮಾಡಿದವನನ್ನು ಕೇಳಿದರೆ, “ಅಲ್ಲಿ ಖಾಲಿ ಇತ್ತಲ್ಲಣ್ಣ” ಎನ್ನುತ್ತಿದ್ದ. ನನ್ನ ಸ್ವಂತ ಮಾವನವರೇ ಮದುವೆಯಾದ ಹೊಸದರಲ್ಲಿ ನಾಲ್ಕೇ ತಂತಿಯ ನನ್ನ ವಾದ್ಯವನ್ನು ಕನಿಕರದಿಂದ ನೋಡಿ, “ಎರಡು ತಂತಿ ಕಿತ್ತೋಗಿದೆಯಲ್ಲಪ್ಪ, ಹಾಕಿಸ್ಕೋಬಾರ್ದಾ?” ಎಂದಿದ್ದರು. ಬಾಸ್ ನುಡಿಸುವವನ ಕೆಲಸ ಅಡುಗೆಗೆ ಉಪ್ಪು ಹಾಕುವವನ ಕೆಲಸ. ಸರಿಯಾಗಿದ್ದರೆ ಹೊಗಳಿಕೆಯೆಲ್ಲ ಹಬ್ಬದೂಟದ ಹುರಿದ ಹಂದಿಗೇ ಸೇರುತ್ತದೆ.

ಇನ್ನು ಊರಹಬ್ಬದಂದು ತಾವು ತೋರಿದ ಪರಾಕ್ರಮಕ್ಕೆ ಬರುತ್ತೇನೆ. ನಮ್ಮಲ್ಲಿ ಎಂಥ ಗಂಡೆದೆಯ ರಾಕ್ ಬ್ಯಾಂಡಾದರೂ ತನ್ನ ಹಾಡುಗಳನ್ನೆಲ್ಲ ಚಾ-ಚಾ ಕುಣಿತದ ಗತಿಗೆ ಇಳಿಸಿ ಊರಿನ ಅಜ್ಜಿಯರನ್ನು ಕುಣಿಸಲೇಬೇಕು, ಇಲ್ಲವಾದರೆ ಮರುವರ್ಷ ಕರೆಯುವುದಿಲ್ಲ. ಅಜ್ಜಿಯರ ಮಂಡಿ ನೋಯದಿರಲೆಂದು ಸಿಮೆಂಟಿನ ಮೇಲೆ ಹಲಗೆ ಹಾಸುತ್ತಾರೆ. ಎಲ್ಪಿಡಿಯೊನ ತಾಯಿ ಪ್ರಿಮಿತಿವಾ ಅಮ್ಮ ಆ ಹಲಗೆಯ ಮೇಲೆ ಚಪ್ಪಲಿ ಬಿಟ್ಟು ನಿಲ್ಲುತ್ತಾರೆ, ಏಕೆಂದರೆ ಆಕೆಗೆ ಕಿವಿ ಹೋಗಿ ಎಷ್ಟೋ ಕಾಲವಾಯಿತು, ಮಾತು ಕಿವಿಗೆ ಬಾಯಿಟ್ಟು ಕೂಗಿದರಷ್ಟೇ, ಸಂಗೀತವೇನಿದ್ದರೂ ಅಂಗಾಲಿಗೆ. “ನನ್ ಮಗ ನುಡಿಸಿದ್ರೆ ಕಾಲಿಂದ ಹತ್ತಿ ಎದೇಗೇ ಬರುತ್ತೆ ಕಣ್ರೇ!” ಎಂದು ಆಕೆ ಎದೆ ಮುಟ್ಟಿಕೊಂಡು ಹೇಳುವಾಗಲೆಲ್ಲ ಮಗ ನಾಚಿಕೊಂಡು ನಗುತ್ತಿದ್ದ. ಹಾಗೆ ಹತ್ತಿ ಬರುತ್ತಿದ್ದವನು ನಾನು. ಇಳಿವಯಸ್ಸಿನ ಹೆಂಗಸಿನ ಸಂತೋಷಕ್ಕೆ ಕಲ್ಲು ಹಾಕುವುದೇಕೆಂದು ನಾನೂ ಸುಮ್ಮನಿರುತ್ತಿದ್ದೆ.

ಈ ಸಲ ಎಲ್ಪಿಡಿಯೊ ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಚೆಲ್ಲಿ, ಒಬ್ಬನೇ ಮೆರೆಯುವ ಭಾಗಕ್ಕೆ ಬಂದು ಗಿಟಾರಿನ ಕೊನೆಯ ಮೆಟ್ಟಿಗೆ, ತೀರ ಮೇಲಿನ ಸ್ವರಕ್ಕೆ ಬೆರಳೇರಿಸಿದ. ತಾವೂ ಕೆಳಗಿನ ಸ್ಥಾಯಿ ಬಿಟ್ಟು ಅವನ ಹಿಂದೆಯೇ ಏರಿದಿರಿ. ಯಜಮಾನ ಹೋದಲ್ಲಿಗೆ ಬಾಲ ಅಲ್ಲಾಡಿಸುತ್ತ ಹೋಗುವ ಇಂಥ ಸ್ವಾಮಿಭಕ್ತಿ ನನಗೆಂದೂ ಸಿದ್ಧಿಸಲಿಲ್ಲ. ಅವನು ಮೇಲೆ ಹಾರಿದಷ್ಟೂ ಹೊತ್ತು ನಾನು ಕೆಳಗೆ ನೆಲ ಹಿಡಿದು ನಿಂತಿರುತ್ತಿದ್ದೆ. ಅಂದು ನೆಲದಲ್ಲಿ ಯಾರೂ ಉಳಿಯಲಿಲ್ಲ. ಅಜ್ಜಿಯರ ಸಾಲುಗಳು ಒಂದಕ್ಕೊಂದು ಡಿಕ್ಕಿ ಹೊಡೆದವು, ಊರ ಮುಖ್ಯಸ್ಥರು ಹೆಂಡತಿಯ ಕಾಲು ತುಳಿದು ಎಲ್ಲರೆದುರು ಬೈಸಿಕೊಂಡರು. ಏನೋ ತಪ್ಪಿದೆಯೆಂದು ಎಲ್ಲರಿಗೂ ಗೊತ್ತಾಯಿತು, ಏನೆಂದು ಒಬ್ಬರಿಗೂ ಗೊತ್ತಾಗಲಿಲ್ಲ. “ಲೇ ದಾದೊಂಗ್, ಎಷ್ಟು ಕಳ್ಳು ಏರಿಸಿದ್ಯೋ? ತಾಳ ಎಲ್ಲೋಯ್ತೋ?” ಎಂದು ಕಳ್ಳಿನ ವಾಸನೆಗೇ ತಲೆನೋವು ಬರಿಸಿಕೊಳ್ಳುವ ನಮ್ಮ ಡ್ರಮ್ಮಿನವನ ಮೇಲೆ ಮುಗಿಬಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಪ್ರಿಮಿತಿವಾ ಅಮ್ಮ ನಡುವೆಯೇ ನಿಂತುಬಿಟ್ಟರು. ಕಿವುಡರ ದೊಡ್ಡ ದನಿಯಲ್ಲಿ, “ಮಗಾ, ನಿಮ್ ಬ್ಯಾಂಡು ಶುರುವಾಗೋದು ಯಾವಾಗಪ್ಪಾ?” ಎಂದರು. ಅಂಗಳವೆಲ್ಲ ನಕ್ಕಿತು. ನಿಜ ಹೇಳುತ್ತೇನೆ, ಜನರ ನಡುವೆ ನಿಂತಿದ್ದ ನಾನೂ ಹೊಟ್ಟೆ ತುಂಬ ನಕ್ಕೆ. ಆಮೇಲೆ ಆಕೆ ಹಲಗೆಯನ್ನು ಅಂಗಾಲಿನಿಂದ ಮತ್ತೆ ಮತ್ತೆ ಒತ್ತಿ ನೋಡಿ, ಚಪ್ಪಲಿ ಮೆಟ್ಟಿಕೊಂಡು ಮೂಲೆಯ ಕುರ್ಚಿಗೆ ಹೋಗಿ ಕೂತದ್ದನ್ನು ಕಂಡು ನಗುವುದನ್ನು ಬಿಟ್ಟೆ.

ನಿನ್ನೆ ಎಲ್ಪಿಡಿಯೊ ಹುರಿದ ಹಂದಿಮಾಂಸದ ಪೊಟ್ಟಣ ಹಿಡಿದು ನಮ್ಮ ಮನೆಗೆ ಬಂದಿದ್ದ. “ಕಿವಿ ಹೋಯ್ತು, ಈಗ ಕಾಲೂ ಸತ್ತೋಯ್ತು ಅಂತ ಅಮ್ಮ ಒಂದೇ ಸಮ ಅಳ್ತಿದಾಳೆ ಕಣೋ. ಭಾನುವಾರ ಅವಳ ಹುಟ್ಟಿದಬ್ಬ, ಕುಣಿಯಲ್ಲ ಅಂತಾಳೆ. ಪರದೆ ಹಿಂದೆ ನಿಂತು ಒಂದಿಷ್ಟು ನುಡ್ಸೋ, ಅವಳಿಗೆ ಗೊತ್ತಾಗೋದು ಬೇಡ” ಎಂದ. ಪರದೆಯ ಹಿಂದೆ ನಿಲ್ಲುವವನು ನಾನಲ್ಲ, ಮುಂದೆ ನಿಂತು ನುಡಿಸುತ್ತೇನೆ, ಆದರೆ ಇಷ್ಟು ವರ್ಷ ಆಕೆಯ ಎದೆಗೆ ಬಂದದ್ದು ಯಾರೆಂದು ನೀನೇ ಆಕೆಯ ಕಿವಿಗೆ ಬಾಯಿಟ್ಟು ಹೇಳಬೇಕು ಎಂದೆ. ಪೊಟ್ಟಣ ಅಲ್ಲೇ ಬಿಟ್ಟು, ತಲೆ ಕೆರೆದುಕೊಳ್ಳುತ್ತ ಹೋದ.

ಆದಕಾರಣ ತಮ್ಮಲ್ಲಿ ವಿನಂತಿ. ಅವನ ಕಾಲಡಿಯಲ್ಲೇ ಇರುವ ತಾವು ಸಮಯ ನೋಡಿ, ತಾಯಿಗೆ ನಿಜ ತಿಳಿಸೆಂದು ಅವನಿಗೆ ಒಂದು ಮಾತು ಹೇಳಬೇಕು. ಅದು ಆಗದಿದ್ದರೆ ನನ್ನ ಹುದ್ದೆಯ ಉಳಿದ ಕರ್ತವ್ಯಗಳನ್ನಾದರೂ ವಹಿಸಿಕೊಂಡು ದೊಡ್ಡ ಸ್ಪೀಕರನ್ನು ಜೀಪಿಗೆ ಹೊತ್ತುಹಾಕಬೇಕು, ಎರಡನೆಯ ಚರಣ ಮರೆತವನಿಗೆ ತುಟಿಯಾಡಿಸಿ ತೋರಿಸಬೇಕು, ದಾದೊಂಗ್ ಓಡತೊಡಗಿದಾಗ ಹುಬ್ಬಿನಲ್ಲೇ ಗದರಬೇಕು, ಮತ್ತು ಅಳುವ ಮುದುಕಿಯೊಬ್ಬಳ ಪಕ್ಕದಲ್ಲಿ ಕೂತು ನಿನ್ನ ಕಾಲು ಸತ್ತಿಲ್ಲ ತಾಯಿ, ನಾನೇ ಹುಟ್ಟಿಲ್ಲ ಎಂದು ಸಮಾಧಾನ ಹೇಳಬೇಕು.

ಬೇರೆ ದಾರಿ ಕಾಣದೆ ತಮ್ಮನ್ನೇ ನಂಬಿರುವ,
ತಮ್ಮ ವಿಶ್ವಾಸಿ,
ಟಿಯೊಫಿಲೊ ಕಾಬಾಹುಗ್

ತಾ.ಕ.: ಅಂಟು ಸಿಗದೆ ಈ ಪತ್ರ ಮನೆಯಲ್ಲೇ ಉಳಿದು ಭಾನುವಾರವೂ ಕಳೆಯಿತು. ಎಲ್ಪಿಡಿಯೊ ನನ್ನ ಷರತ್ತಿಗೆ ಒಪ್ಪಿದ್ದರಿಂದ ನಾನು ಮುಂದೆಯೇ ನಿಂತು ನುಡಿಸಿದೆ, ಆಕೆ ಕುಣಿದರು, ಬೆವರಿಳಿಯುವ ತನಕ ಕುಣಿದರು. ಅವನು ಕೊಟ್ಟ ಮಾತಿನಂತೆ ತಾಯಿಯ ಕಿವಿಗೆ ಬಾಯಿಟ್ಟು, ಓಣಿಗೆಲ್ಲ ಕೇಳುವ ಹಾಗೆ ಕೂಗಿ ಎಲ್ಲವನ್ನೂ ಹೇಳಿದ. ಆಕೆ ಪೂರ್ತಿ ಕೇಳಿಸಿಕೊಂಡು, ಅವನ ಗಲ್ಲ ಹಿಡಿದು, “ನೋಡ್ರೇ ನನ್ ಮಗನ ದೊಡ್ಡ ಗುಣಾನ! ಕೆಲಸ ಇಲ್ದಿರೋ ಗೆಳೆಯ ನೊಂದ್ಕೋತಾನೆ ಅಂತ ತನ್ ಹೆಸರನ್ನೇ ಅವನಿಗೆ ಕೊಡ್ತಾನೆ!” ಎಂದು ನೆಂಟರಿಗೆಲ್ಲ ಸಾರಿ, ನನ್ನ ಕಡೆ ತಿರುಗಿ, “ನೀನೂ ಅವನ ಹತ್ರ ಚೂರು ಕಲ್ತ್ಕೋಪ್ಪಾ” ಎಂದರು. ಕಲಿಯುತ್ತೇನಮ್ಮಾ ಎಂದು, ಹಿರಿಯರಿಗೆ ನಮಸ್ಕರಿಸುವ ನಮ್ಮ ಪದ್ಧತಿಯಂತೆ ಆಕೆಯ ಕೈಯನ್ನು ಹಣೆಗೊತ್ತಿಕೊಂಡೆ. ಆಕೆ ಆಗಲೇ ಮತ್ತೆ ಚಪ್ಪಲಿ ಬಿಡುತ್ತಿದ್ದುದರಿಂದ ಮುಂದಿನ ಹಾಡು ಶುರುಮಾಡಿದೆ.