ಇಲಿಗೆ ದಾರಿ ತಪ್ಪಿಸಿದ್ದು

ಜೀವನ್ ಬಿಮಾ ನಗರದ ವೆಂಕಟಸುಬ್ಬಯ್ಯನವರ ಬೋನಿಗೆ ಆ ದಿನ ಬಿದ್ದದ್ದು ಹೊಸ ಇಲಿಯಲ್ಲ. ಕಿವಿ ಹರಿದ ಅದೇ ಇಲಿಯನ್ನು ಅವರು ಹಿಂದೆಯೂ ಹಿಡಿದು ಆಚೆ ಬೀದಿಯ ಪಾರ್ಕಿನಲ್ಲಿ ಬಿಟ್ಟು ಬಂದಿದ್ದರು. ಅದು ಅವರಿಗಿಂತ ಮುಂಚೆಯೇ ಮನೆ ಸೇರಿತ್ತು.

ಕೊಲ್ಲುವಂತಿಲ್ಲ, ಅದು ಗಣಪನ ವಾಹನ ಎಂದು ಹೆಂಡತಿ ಸೀತಾಲಕ್ಷ್ಮಿಯ ಅಪ್ಪಣೆ. ಇಟ್ಟುಕೊಳ್ಳುವಂತೆಯೂ ಇಲ್ಲ. ಮಗಳು ಶರ್ವಾಣಿ ಸಂಜೆ ಆಸ್ಪತ್ರೆಯಿಂದ ಕೂಸಿನೊಂದಿಗೆ ಬಾಣಂತನಕ್ಕೆ ಬರುವವಳಿದ್ದಳು. ಇಲಿಯಿದ್ದರೆ ನೇರ ಅತ್ತೆಮನೆಗೇ ಹೋಗುವುದಾಗಿ ಹೇಳಿದ್ದಳು.

ಪಕ್ಕದ ಮನೆಯ ಉಮಾಶ್ರೀ, ಕೆ.ಆರ್. ಪುರಂ ಸೇತುವೆ ದಾಟಿಸಿದರೆ ಸಾಕೆಂದು ಕಾಂಪೌಂಡಿನ ಮೇಲಿಂದ ಸಲಹೆ ಕೊಟ್ಟರು. ಇಲಿಗಳ ಮಿದುಳಿನ ಮೇಲೆ ಸಂಶೋಧನೆ ಮಾಡುವ ಅವರ ಮಗ ನಚಿಕೇತ ನಕ್ಕ.

"ಬರೀ ದೂರ ಸಾಲಲ್ಲ ಅಂಕಲ್. ಅದರ ತಲೇಲಿ ನಕ್ಷೆ ಇರತ್ತೆ. ಒಂದೊಂದು ಜಾಗಕ್ಕೆ ಒಂದೊಂದು ಜೀವಕೋಶ ಮಿಡಿಯತ್ತೆ, ತಿರುವುಗಳ ಲೆಕ್ಕಾನೂ ಇಡತ್ತೆ. ನೀವು ಆ ಲೆಕ್ಕ ಕೆಡಿಸ್ಬೇಕು. ಬೋನಿಗೆ ಬಟ್ಟೆ ಹೊದಿಸಿ, ಚೆನ್ನಾಗಿ ಸುತ್ತಿಸಿ."

ವೆಂಕಟಸುಬ್ಬಯ್ಯ ಹಳೇ ಪಂಚೆ ಹೊದಿಸಿದ ಬೋನನ್ನು ಸ್ಕೂಟರಿನ ಕಾಲಡಿ ಇಟ್ಟುಕೊಂಡು ಹೊರಟರು. ಸಿಕ್ಕ ಸರ್ಕಲ್ಲಿಗೆಲ್ಲ ಪ್ರದಕ್ಷಿಣೆ ಹಾಕಿದರು. ಹಲಸೂರಿನಲ್ಲಿ ಪೊಲೀಸಿನವನು ನಿಲ್ಲಿಸಿ, ಪಂಚೆ ಎತ್ತಿ ನೋಡಿ, ಏನೂ ಕೇಳದೆ ಕಳಿಸಿದ. ರಿಚರ್ಡ್ಸ್ ಟೌನಿನಲ್ಲಿ ಒಂದೇ ಗೇಟಿನ ಮುಂದೆ ಮತ್ತೆ ಮತ್ತೆ ಹಾದಾಗ ಅಲ್ಲಿನ ಅಜ್ಜಿ, ಯಾರ ಮನೆ ಬೇಕೆಂದು ವಿಚಾರಿಸಿದರು. ಒಳಗೆ ಇಲಿ ಪರೀಕ್ಷೆಗೆ ಕುಳಿತ ಹುಡುಗನಂತೆ ನಿಶ್ಶಬ್ದವಾಗಿತ್ತು. ಎಣಿಸುತ್ತಿದೆ ಎನ್ನಿಸಿ ಅವರು ಇನ್ನಷ್ಟು ತಿರುಗಿದರು.

ಮುಸ್ಸಂಜೆಯ ಹೊತ್ತಿಗೆ ಅವರಿಗೇ ಪೂರ್ವ ಯಾವುದು, ಪಶ್ಚಿಮ ಯಾವುದು ತಿಳಿಯದಾಯಿತು. ಯಾರನ್ನಾದರೂ ಕೇಳೋಣವೆಂದರೆ ಇಲಿಗೂ ಕೇಳಿಸೀತು. ಕರೆಂಟು ಬೇರೆ ಹೋಯಿತು. ಮನೆಗಳ ಬೆನ್ನುಗಳ ನಡುವಿನ ಇಕ್ಕಟ್ಟಾದ ಗಲ್ಲಿಯೊಂದರಲ್ಲಿ ಅವರು ಸ್ಕೂಟರ್ ನಿಲ್ಲಿಸಿದರು. ಎದುರಿನ ಹಿತ್ತಲಲ್ಲಿ ಪಾಚಿ ಕಟ್ಟಿದ ಗೋಡೆ, ಮುರಿದ ಕುರ್ಚಿ, ಬಾಯಿ ತೆರೆದ ಕೊಳವೆ. ಎಂಥ ಕೊಳಕು ಜನ, ಒಂದು ಇಲಿ ಹೆಚ್ಚಾದರೆ ಇವರಿಗೆ ಗೊತ್ತೂ ಆಗುವುದಿಲ್ಲ ಎಂದುಕೊಂಡು ಬೋನಿನ ಬಾಗಿಲೆತ್ತಿದರು.

ಇಲಿ ಅತ್ತಿತ್ತ ನೋಡಲಿಲ್ಲ, ಮೂಸಲಿಲ್ಲ. ತವರಿಗೆ ಬಂದ ಮಗಳ ಹಾಗೆ ನೇರ ಕೊಳವೆಯೊಳಗೆ ನಡೆಯಿತು.

ಆಗ ಕರೆಂಟು ಬಂತು. ಹಿತ್ತಲ ಬಾಗಿಲು ತೆರೆದು, ಮುಸುರೆ ಬಕೆಟ್ಟು ಹಿಡಿದು ಹೊರಬಂದದ್ದು ಸೀತಾಲಕ್ಷ್ಮಿ.

ಆ ಮನೆಯಲ್ಲೇ ತಲೆಕೂದಲು ನರೆಸಿಕೊಂಡಿದ್ದ ವೆಂಕಟಸುಬ್ಬಯ್ಯ ಅದರ ಬೆನ್ನನ್ನು ಒಮ್ಮೆಯೂ ನೋಡಿರಲಿಲ್ಲ.

"ಇದ್ಯಾಕ್ರೀ ಹಿಂದ್ಗಡೆಯಿಂದ ಬಂದ್ರಿ? ಶರ್ವಾಣಿ ಬಂದಾಯ್ತು, ಮಗು ಈಗಷ್ಟೇ ಮಲಗಿದೆ. ಇಲೀನ ದೂರ ಬಿಟ್ರಿ ತಾನೆ?"

ಅವರು ಕೊಳವೆಯ ಕಡೆ ನೋಡದಿರಲು ಕಷ್ಟಪಟ್ಟರು.

"ತುಂಬಾ ದೂರ ಹೋಗಿದ್ವಿ," ಎಂದರು.