ಮಾವನವರ ತಲೆ ನನ್ನ ಕೈಯಲ್ಲಿ

ಯಾವುದಕ್ಕೂ ಬಾರದವನನ್ನು ಹಿಡಿದು ನಾಯಕನನ್ನಾಗಿ ಮಾಡುವುದು ನಮ್ಮಲ್ಲಿ ಹೊಸದೇನಲ್ಲ. ನನ್ನ ವಿಷಯದಲ್ಲಿ ಅದಕ್ಕೊಂದು ಪ್ರಮಾಣಪತ್ರವೂ ಇದೆ ಎಂಬುದಷ್ಟೇ ವಿಶೇಷ. ಕಾರವಾರದ ಕಡಲತೀರದಲ್ಲಿ ಪ್ರವಾಸಿಗರನ್ನು ಕಾಯುವ ಜೀವರಕ್ಷಕರ ಹಾಜರಿ ಪುಸ್ತಕ ನೋಡಿಕೊಳ್ಳುವ ಗುಮಾಸ್ತ ನಾನು. ಈಜು ಬಾರದು. ಈ ಬೇಸಿಗೆಯಲ್ಲಿ ‘ಉನ್ನತ ತುರ್ತು ಚಿಕಿತ್ಸೆ ಮತ್ತು ನಾಯಕತ್ವ’ ಎಂಬ ಮೂರು ದಿನಗಳ ತರಬೇತಿಗೆ ಒಬ್ಬರನ್ನು ಕಳಿಸಿ ಎಂದು ಮೇಲಿನಿಂದ ಪತ್ರ ಬಂತು. ಜೀವರಕ್ಷಕರನ್ನೇ ಕಳಿಸೋಣವೆಂದರೆ ಅವರಿಗೆ ದಡದಲ್ಲಿ ಕೆಲಸವಿತ್ತು. ಮೂರು ದಿನ ಇಲ್ಲದಿದ್ದರೂ ಯಾರಿಗೂ ಗೊತ್ತಾಗದ ಮನುಷ್ಯ ಕಚೇರಿಯಲ್ಲಿ ಯಾರಿದ್ದಾರೆಂದು ಸಾಹೇಬರು ಯೋಚಿಸಿದರು. ಬಹಳ ಹೊತ್ತೇನೂ ಯೋಚಿಸಲಿಲ್ಲ.

ಕಲಿಸಲು ಬಂದವರು ಉತ್ತರದ ಹಿಮಬೆಟ್ಟಗಳಲ್ಲಿ ಸ್ಕೀ ಗಸ್ತಿನವರನ್ನು ತಯಾರು ಮಾಡಿ ಹೆಸರು ಗಳಿಸಿದವರು. ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರಿ, ಬಿದ್ದು, ಕೈಕಾಲು ಮುರಿದುಕೊಳ್ಳುವುದು ಅಲ್ಲಿ ಒಂದು ಆಟವಂತೆ. ಹಾಗೆ ಬಿದ್ದವರನ್ನು ಹುಡುಕಿ ಕೆಳಗಿಳಿಸುವವರು ಈ ಗಸ್ತಿನವರು. ಅವರಿಗೆಂದು ಮಾಡಿದ್ದ ಪಾಠವನ್ನೇ, ಒಂದು ಚಿತ್ರವನ್ನೂ ಬದಲಿಸದೆ, ಕಾರವಾರಕ್ಕೂ ತಂದಿದ್ದರು. ಫ್ಯಾನು ಕೆಟ್ಟ ಕೋಣೆಯಲ್ಲಿ ಬೆವರು ಒರೆಸಿಕೊಳ್ಳುತ್ತ ನಾವು, ಚಳಿಗೆ ಮರಗಟ್ಟಿದ ಬೆರಳನ್ನು ಉಳಿಸಿಕೊಳ್ಳುವ ಬಗೆಯನ್ನು ಕಲಿತೆವು. ಹಿಮ ಕುಸಿಯುವ ಮುನ್ಸೂಚನೆಗಳನ್ನು ನಾನು ಶ್ರದ್ಧೆಯಿಂದ ಬರೆದುಕೊಂಡೆ. ನಮ್ಮ ಬಾಳೆಗುಳಿ ಕ್ರಾಸಿನ ಸುಡುಬಿಸಿಲಿನಲ್ಲಿ ಯಾವತ್ತಾದರೂ ಬೇಕಾದೀತು, ಹೇಳಲಾಗದು!

ಎರಡು ಮಾತು ಮಾತ್ರ ತಲೆಯಲ್ಲಿ ಉಳಿದವು. ಒಂದು, ಬಿದ್ದವನು ‘ನನಗೇನೂ ಆಗಿಲ್ಲ’ ಅಂದರೆ ನಂಬಬೇಡಿ. ಎರಡು, ತಲೆ ಹಿಡಿದವನೇ ನಾಯಕ. ಕುತ್ತಿಗೆಗೆ ಪೆಟ್ಟಾದ ಅನುಮಾನವಿದ್ದರೆ ತಲೆಯನ್ನು ಎರಡೂ ಕೈಯಲ್ಲಿ ಅಲ್ಲಾಡದಂತೆ ಹಿಡಿಯಬೇಕು, ಆಂಬುಲೆನ್ಸ್ ಬರುವವರೆಗೆ ಬಿಡಬಾರದು, ಉಳಿದವರೆಲ್ಲ ಅವನು ಹೇಳಿದಂತೆ ಕೇಳಬೇಕು. ನಾನು ಹೇಳಿದ್ದನ್ನು ನಾಲ್ಕು ಜನ ಕೇಳುವ ಸಂದರ್ಭ ಜನ್ಮದಲ್ಲಿ ಇದೊಂದೇ ಇದ್ದೀತೆಂದು ಆ ಸಾಲಿಗೆ ಅಡಿಗೆರೆ ಎಳೆದೆ.

ಮುಂದಿನ ಭಾನುವಾರ ಹೆಂಡತಿಯ ತವರಾದ ಹಟ್ಟಿಕೇರಿಗೆ ಹೋದೆವು. ಹಿತ್ತಲಿನ ಕರಿ ಇಷಾಡು ಮಾವು ಬಲಿತಿತ್ತು. ನನ್ನ ಮಾವನವರದು ಬಹಳ ಮರ್ಯಾದೆಯ ಸ್ವಭಾವ. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ‘ಬನ್ನಿ ಅಳಿಯಂದ್ರೆ, ಕುಂತ್ಕಳಿ’ ಎನ್ನುವುದಕ್ಕಿಂತ ಹೆಚ್ಚು ಮಾತಾಡಿದವರಲ್ಲ. ನಾನೂ ಹಬ್ಬಕ್ಕೆ ಹೋದಾಗ ಅವರ ಕಾಲು ಮುಟ್ಟಿ ನಮಸ್ಕರಿಸುತ್ತಿದ್ದೆನೇ ಹೊರತು ಕಾಲಿನಿಂದ ಮೇಲಕ್ಕೆ ನಮ್ಮ ಪರಿಚಯ ಬೆಳೆದಿರಲಿಲ್ಲ. ಅಳಿಯನನ್ನು ಮರ ಹತ್ತಿಸಬಾರದೆಂದು ಎಪ್ಪತ್ತರ ಮಾವ ತಾವೇ ಏಣಿ ಹತ್ತಿದರು. ಮಾವನವರಿಗೆ ಎದುರು ಹೇಳಬಾರದೆಂದು ನಲವತ್ತರ ಅಳಿಯ ಕೆಳಗೆ ಬುಟ್ಟಿ ಹಿಡಿದು ನಿಂತೆ. ಇಬ್ಬರ ಮರ್ಯಾದೆಯೂ ಹೀಗೆ ಉಳಿಯಿತು. ಏಣಿ ಮಾತ್ರ ಜಾರಿತು.

ಬೆನ್ನಡಿಯಾಗಿ ಬಿದ್ದ ಮಾವ ಮಲಗಿದಲ್ಲಿಂದಲೇ ಏಣಿಯನ್ನೊಮ್ಮೆ ನೋಡಿದರು. ಆಮೇಲೆ, “ನಂಗೇನಾಗ್ಲಿಲ್ಲ” ಅಂದರು. ಪಕ್ಕದ ಮನೆಯ ಬೀರಣ್ಣ ಬೇಲಿ ಹಾರಿ ಬಂದು ಅವರ ಕಂಕುಳಿಗೆ ಕೈ ಹಾಕಿದ. ಬಿದ್ದವರನ್ನು ತಕ್ಷಣ ಎತ್ತಿ ಕೂರಿಸಿ ನೀರು ಕುಡಿಸದಿದ್ದರೆ ನಮ್ಮ ಕಡೆ ಮನುಷ್ಯತ್ವದ ಮೇಲೇ ಸಂಶಯ ಬರುತ್ತದೆ. “ಬೀರಣ್ಣ, ಮುಟ್ಟಬೇಡ!” ಎಂದು ಯಾರೋ ಕೂಗಿದರು. ನಾನೇ! ನೋಡುವಷ್ಟರಲ್ಲಿ ಮಂಡಿಯೂರಿ ಕುಳಿತು ಮಾವನವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ.

“ಎಂತ ಮಾಡ್ತ್ರಿ ಅಳಿಯಂದ್ರೆ, ಬಿಡಿ” ಅಂದರು ಮಾವ. ನಾನು ಬಿಡಲಿಲ್ಲ. “ಬಿಡೋ ಮಾರಾಯ, ಏಳೂಕೆ ಬಿಡು!” ಹದಿನಾಲ್ಕು ವರ್ಷದ ಬಹುವಚನ ಅಲ್ಲಿಗೆ ಮುಗಿಯಿತು. ಅತ್ತೆ ತಂಬಿಗೆ ಹಿಡಿದು, “ಒಂದು ಗುಟುಕು ನೀರಾದ್ರೂ ಕುಡ್ಸೂಕೆ ಬಿಡ್ರಾ” ಎಂದು ಅತ್ತರು. ಹೆಂಡತಿ ಆಂಬುಲೆನ್ಸಿಗೆ ಫೋನು ಮಾಡಿ, ನನಗೇನಾಗಿದೆಯೋ ಎಂಬಂತೆ ನೋಡಿದಳು. “ನಿನ್ನ ಅಳಿಯಂಗೆ ತಲೆ ಸಮಾ ಇಲ್ಲೆ” ಎಂದು ಬೀರಣ್ಣ ಮಾವನವರಿಗೆ ಸಮಾಧಾನ ಹೇಳಿದ. ನಾಯಕನ ಮಾತನ್ನು ಎಲ್ಲರೂ ಕೇಳುವುದೆಂದರೆ ಹೀಗೆ.

ಆಂಬುಲೆನ್ಸ್ ಬರಲು ನಲವತ್ತು ನಿಮಿಷ. ನನ್ನ ಕಾಲ ಮೇಲೆ ಕೆಂಪಿರುವೆ ಹತ್ತುತ್ತಿದ್ದವು, ಕೆಳಗಿನಿಂದ ಮಾವ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಏನೂ ಆಗಿರದಿದ್ದರೆ ಈ ಊರಿಗೆ ಮತ್ತೆ ಕಾಲಿಡುವಂತಿಲ್ಲ ಎಂದು ಯೋಚಿಸುತ್ತಿದ್ದಾಗ ಮಾವ ನನಗೊಬ್ಬನಿಗೇ ಕೇಳುವಂತೆ, “ಎಡಗೈ ಜುಮ್ ಅಂತದ್ಯೋ” ಅಂದರು. ಆಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು. “ಅಲ್ಲಾಡಬೇಡಿ ಮಾವ” ಅಂದೆ. ಆಮೇಲೆ ಅವರು ಬೈಯಲಿಲ್ಲ.

ಕುತ್ತಿಗೆಯ ಮೂಳೆ ಬಿರುಕು ಬಿಟ್ಟಿತ್ತು. ಎತ್ತಿ ಕೂರಿಸಿದ್ದರೆ ಕೈಕಾಲು ಉಳಿಯುತ್ತಿರಲಿಲ್ಲವೆಂದು ಡಾಕ್ಟರು ಹೇಳಿದರಂತೆ. ಊರಲ್ಲಿ ಹಬ್ಬಿದ ಸುದ್ದಿ ಮಾತ್ರ, ಬೀರಣ್ಣ ಸಮಯಕ್ಕೆ ಸರಿಯಾಗಿ ಬೇಲಿ ಹಾರಿ ಬಂದದ್ದರಿಂದ ಮಾವ ಬದುಕಿದರು, ಅಳಿಯ ಸುಮ್ಮನೆ ಕೂತಿದ್ದ ಎಂದು. ಕೂತಿದ್ದು ನಿಜವೇ ಆದ್ದರಿಂದ ನಾನು ವಾದಿಸಲು ಹೋಗಲಿಲ್ಲ.

ಮಳೆ ಹಿಡಿದ ಮೇಲೆ ಮಾವನವರನ್ನು ನೋಡಲು ಮತ್ತೆ ಹೋದೆ. ಕುತ್ತಿಗೆಗೆ ಪಟ್ಟಿ ಹಾಕಿಕೊಂಡು ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಕಾಲು ತೊಳೆಯಲು ಬಾವಿಕಟ್ಟೆಗೆ ಹೋದವನು ಪಾಚಿಯ ಮೇಲೆ ಜಾರಿ ಅಂಗಾತ ಬಿದ್ದೆ. ತಲೆ ಕಲ್ಲಿಗೆ ಬಡಿಯಿತು. ಪ್ರಮಾಣಪತ್ರ ಪಡೆದ ನಾಯಕ ನಾನು ಮಾಡಿದ ಮೊದಲ ಕೆಲಸವೆಂದರೆ, ತಟ್ಟನೆ ಎದ್ದು ಪಂಚೆ ಸರಿಮಾಡಿಕೊಂಡು ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದ್ದು.

ಮಾವ ನೋಡಿದ್ದರು. ಕುತ್ತಿಗೆ ತಿರುಗದ್ದರಿಂದ ಇಡೀ ಮೈಯನ್ನೇ ನನ್ನ ಕಡೆ ತಿರುಗಿಸಿ, “ಮಲಕೋ” ಅಂದರು.

“ನನಗೇನೂ ಆಗಿಲ್ಲ ಮಾವ.”

“ನಾನೂ ಹಂಗೇ ಹೇಳಿದ್ನಲ್ಲಾ. ಮಲಕೋ. ಬೀರಣ್ಣಾ, ಓಡಿ ಬಾರಾ! ಅವನ ತಲೆ ಹಿಡಿ.”

ಎದ್ದವನು ಕೆಸರಿನಲ್ಲಿ ಮತ್ತೆ ಮಲಗಿದೆ. ಬೀರಣ್ಣ ಬೇಲಿ ಹಾರಿ ಬಂದು ತಲೆ ಹಿಡಿದ, ಯಾವ ತರಬೇತಿಯೂ ಇಲ್ಲದೆ, ಬಹಳ ಚೆನ್ನಾಗಿ ಹಿಡಿದ. ಮಳೆ ನೇರ ಮುಖದ ಮೇಲೇ ಬೀಳುತ್ತಿತ್ತು. ಏಳಲೇ ಎಂದು ಮೂರು ಸಲ ಕೇಳಿದೆ. ಜಗಲಿಯಿಂದ ಅಪ್ಪಣೆಯಾಗಲಿಲ್ಲ.