ಸಾಗರದಲ್ಲಿ ಜಾಜ್ ಇತ್ತು, ನಗುವವರು ನಗಲಿ

ದೊಡ್ಡ ಮನುಷ್ಯರು ಬಾಗಿಲು ಮುಚ್ಚಲು ಹೊರಟಾಗಲೆಲ್ಲ ನಗುವಂಥದ್ದು ಏನಾದರೊಂದು ನಡೆದೇ ನಡೆಯುತ್ತದೆ. ಅರವತ್ತರ ದಶಕದಲ್ಲಿ ಸಾಗರದ ಅಕ್ಕಿ ಗಿರಣಿಯ ಹಿಂದೆ ಒಂದು ತಗಡಿನ ಹಾಲ್ ಇತ್ತು. ಅಲ್ಲಿ ಪ್ರತಿ ಭಾನುವಾರ ಜಾಜ್ ನುಡಿಸುತ್ತಿದ್ದರು. ಅಣೆಕಟ್ಟಿನ ಕೆಲಸಕ್ಕೆ ಬಂದ ಮಂಗಳೂರಿನವನದು ಸ್ಯಾಕ್ಸೊಫೋನ್. ಮದುವೆಮನೆಗಳಲ್ಲಿ ಬಾರಿಸಿ ಬೆಳೆದ ಕೋಣಂದೂರಿನವನದು ಡೋಲು. ಇಂದು ಊರಿನವರೇ "ಹಾಂಗಿದ್ದೆಲ್ಲ ಇರ್ಲಿಲ್ಲ ಬಿಡಿ" ಅನ್ನುತ್ತಾರೆ. ಇತ್ತು. ನಾನೇ ಕೂತು ಕೇಳಿದ್ದೇನೆ.

ಒಂದು

ತೀರ್ಥಹಳ್ಳಿ ಕಡೆಯ ಜಮೀನ್ದಾರರೊಬ್ಬರು ಬಂದು, "ಹೋದ ವಾರದ್ದೇ ಬಾರ್ಸು" ಎಂದರು.

ಮಂಗಳೂರಿನವನು ಕೈಮುಗಿದ. "ಹೋದ ವಾರದ್ದು ಹೋದ ವಾರಕ್ಕೇ ಮುಗೀತು ಧಣಿ. ಇದರಲ್ಲಿ ಪ್ರತಿ ಸಲವೂ ಬೇರೆ."

"ಒಂದೇ ಪದವನ್ನ ಸಲಕ್ಕೊಂದು ಥರ ಊದೋದೂ ಒಂದು ವಿದ್ಯೆಯಾ?"

ಗೇಣಿದಾರನಾದ ನಾನು ನಡುವೆ ಬಾಯಿ ಹಾಕಿದೆ. "ಗೇಣಿ ಕೇಸಲ್ಲಿ ನೀವು ವಾಯಿದೆಗೊಂದು ಕತೆ ಹೇಳ್ತೀರಲ್ಲ ಒಡೆಯರೇ, ಅದೇ ವಿದ್ಯೆ!"

ಎರಡು

ಮುಂದಿನ ಬೆತ್ತದ ಕುರ್ಚಿಗಳು ಗಣ್ಯರಿಗೆ, ಗೋಡೆಬದಿ ನಮಗೆ. ಒಂದು ಭಾನುವಾರ ನಾವು ಗೇಣಿದಾರರು ಮೊದಲೇ ಹೋಗಿ ಕುರ್ಚಿ ಹಿಡಿದೆವು.

"ಏಳ್ರೋ!" ಎಂದರು ಹಾಲ್‌ನ ಮಾಲೀಕರಾದ ಸಾಹುಕಾರರು.

"ಏಳೋದಿಲ್ಲ, ಎಂತ ಮಾಡ್ತೀರಿ?"

ಏಳಲಿಲ್ಲ. ಗೆದ್ದೆವು. ಸ್ಯಾಕ್ಸೊಫೋನಿನ ಬಾಯಿ ನೇರವಾಗಿ ನಮ್ಮ ಕಿವಿಗೇ ಇದೆ ಎಂಬುದು ಆಮೇಲೆ ತಿಳಿಯಿತು. ಮಾರನೇ ದಿನದವರೆಗೂ ಹೆಂಡತಿ ಬೈದದ್ದು ಒಂದೂ ಕೇಳಿಸಲಿಲ್ಲ. ಹೋರಾಟದಿಂದ ಲಾಭವಿಲ್ಲ ಅಂದವರು ಯಾರು?

ಮೂರು

ಕುರ್ಚಿ ಕಳಕೊಂಡವರು ಸುಮ್ಮನಿರುತ್ತಾರೆಯೇ? ಹುಡುಗರು ಕೆಡುತ್ತಾರೆಂದು ದೂರು ಕೊಟ್ಟರು. ಹಾಲ್‌ಗೆ ಬೀಗ ಹಾಕಿಸಲು ಸರಕಾರಿ ಸಾಹೇಬರೊಬ್ಬರು ಜೀಪಿನಲ್ಲಿ ಬಂದರು. ಬೀಗ ಬಿದ್ದರೆ ಬ್ಯಾಂಡಿನವರಿಗೆ ನುಡಿಸಲು ಬೇರೆ ಜಾಗವಿರಲಿಲ್ಲ. ಸಾಹೇಬರು ವೇದಿಕೆ ಹತ್ತಿ, ಸದ್ದಡಗಿಸಲು ಬಲಗೈ ಎತ್ತಿ, "ಈ ಕ್ಷಣದಿಂದ..." ಎಂದರು.

ಮದುವೆಯಲ್ಲಿ ಮುಹೂರ್ತ ಬಂತೆಂದು ಪುರೋಹಿತರು ಕೈ ಎತ್ತಿದರೆ ಗಟ್ಟಿಮೇಳ. ಅಪಶಕುನದ ಮಾತು ಯಾರ ಕಿವಿಗೂ ಬೀಳಬಾರದೆಂದು ಇದ್ದ ಶಕ್ತಿಯನ್ನೆಲ್ಲ ಹಾಕಿ ಬಾರಿಸಬೇಕು. ಎತ್ತಿದ ಕೈ ಕಂಡದ್ದೇ, ಕೋಣಂದೂರಿನವನ ಕೈ ಯಾರ ಅಪ್ಪಣೆಗೂ ಕಾಯಲಿಲ್ಲ. ಡಬಡಬ ಡಬಡಬ! ಸ್ಯಾಕ್ಸೊಫೋನೂ ಕೂಡಿಕೊಂಡಿತು. ನಿಲ್ಲಿಸಿ ಎಂದು ಸಾಹೇಬರು ಎರಡೂ ಕೈ ಎತ್ತಿದರು. ಮೇಳ ಎರಡರಷ್ಟಾಯಿತು. ಅಭ್ಯಾಸಬಲ ನೋಡಿ, ಹಿಂದಿದ್ದವರೆಲ್ಲ ಎದ್ದು ನಿಂತು ಕೈಯಲ್ಲಿದ್ದ ಮಂಡಕ್ಕಿಯನ್ನೇ ಅಕ್ಷತೆಯಂತೆ ಅವರ ತಲೆಗೆ ಎಸೆದರು. ಅವರ ಬಾಯಿ ಆಡಿತು, ಮಾತು ಕೇಳಲಿಲ್ಲ. ಸಾಹೇಬರು ಮಂಡಕ್ಕಿ ಕೊಡವಿಕೊಳ್ಳುತ್ತ ಜೀಪು ಹತ್ತಿದರು.

ಹೊರಗೆ ಸಾಹೇಬರ ಆರ್ಡರಿಗೆ ಕಾಯುತ್ತ ಬೀಗ ಹಿಡಿದು ನಿಂತಿದ್ದ ಸಾಹುಕಾರರು ನನ್ನನ್ನು ತಡೆದರು. "ಎಂತ ಆರ್ಡರ್ ಆಯ್ತೋ?"

"ಆರ್ಡರ್ ಗೊತ್ತಿಲ್ಲ ಸಾಹುಕಾರ್ರೇ. ಮದುವೆ ಆಯ್ತು!"